ಅಪ್‌ಡೇಟ್: ಹೊಲದ ಮನೆಯ ಸೋಲಾರ್ ಬ್ಯಾಟರಿ ಈಗ ತುಂಬುತ್ತಿದೆ

ಸಿಂಧನೂರು ತಾಲ್ಲೂಕಿನ ನಮ್ಮ ಹೊಲದ ಮನೆಯಲ್ಲಿ, ತಲಾ 100 ವ್ಯಾಟ್‌ನ ಎರಡು ಪ್ಯಾನೆಲ್‌ಗಳಿದ್ದರೂ 12 ವೋಲ್ಟ್ ಬ್ಯಾಟರಿ ರಾತ್ರಿ ಒಂಬತ್ತಕ್ಕೇ ಖಾಲಿಯಾಗುತ್ತದೆ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಪ್ಯಾನೆಲ್‌ಗಳ ಧೂಳು ಒರೆಸಿದರೂ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ತಂತಿಯ ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ಮನಃಪೂರ್ವಕ ಧನ್ಯವಾದಗಳು. ಮಧ್ಯಾಹ್ನ ಪ್ಯಾನೆಲ್ ಬಳಿ 15.6 ವೋಲ್ಟ್ ಇದ್ದುದು ಕಂಟ್ರೋಲರ್ (ಬ್ಯಾಟರಿಗೆ ಹೋಗುವ ಚಾರ್ಜ್ ನಿಯಂತ್ರಿಸುವ ಪೆಟ್ಟಿಗೆ) ಬಳಿ 12.9ಕ್ಕೆ ಇಳಿದಿತ್ತು. ಬೇವಿನ ಮರದ ನೆರಳು ತಪ್ಪಿಸಲೆಂದು ಪ್ಯಾನೆಲ್‌ಗಳನ್ನು 20 ಮೀಟರ್ ದೂರ ನಿಲ್ಲಿಸಿ, ಅಷ್ಟು ದೂರಕ್ಕೆ ತೆಳುವಾದ 2.5 ಚದರ ಮಿ.ಮೀ. ತಂತಿ ಎಳೆಸಿದ್ದೇ ಇದಕ್ಕೆ ಕಾರಣ.

ನನಗೆ ಅಚ್ಚರಿಯಾದದ್ದು, ಪ್ಯಾನೆಲ್ ಬಿಸಿಯಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ ಎಂಬ ಸಂಗತಿ. ಮೊದಲೇ ಇಳಿದ ವೋಲ್ಟೇಜ್ ತಂತಿಯಲ್ಲಿ ಇನ್ನಷ್ಟು ಇಳಿಯುವುದರಿಂದ ನಮ್ಮ ರಾಯಚೂರು ಸೀಮೆಯ ಸುಡುಬಿಸಿಲಿನಲ್ಲಿಯೇ ತಂತಿಯ ನಷ್ಟ ಹೆಚ್ಚು ಕಾಡುತ್ತದೆ. ತಂತಿಯನ್ನು ಹಾಗೆಯೇ ಉಳಿಸಿಕೊಂಡು, ಪ್ಯಾನೆಲ್‌ಗಳನ್ನು ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಜೋಡಿಸಿ, ಪ್ಯಾನೆಲನ್ನು ಬ್ಯಾಟರಿಯ ವೋಲ್ಟೇಜ್‌ಗೇ ಎಳೆದು ತರುವ ಹಳೆಯ ಪಿಡಬ್ಲ್ಯುಎಂ ಕಂಟ್ರೋಲರ್ ತೆಗೆದು, ಹೆಚ್ಚಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಪರಿವರ್ತಿಸುವ ಎಂಪಿಪಿಟಿ ಕಂಟ್ರೋಲರ್ ಹಾಕಿಸಿದೆ. ವೋಲ್ಟೇಜ್ ಇಮ್ಮಡಿಯಾಗಿ ಕರೆಂಟ್ ಅರ್ಧವಾದದ್ದರಿಂದ ತಂತಿಯಲ್ಲಿ ಪೋಲಾಗುತ್ತಿದ್ದ ವಿದ್ಯುತ್ ಸುಮಾರು ಕಾಲು ಭಾಗಕ್ಕೆ ಇಳಿದಿದೆ. ಈಗ ಮಧ್ಯಾಹ್ನ ಮೂರಕ್ಕೇ ಬ್ಯಾಟರಿ 14.4 ವೋಲ್ಟ್ ಮುಟ್ಟುತ್ತದೆ, ಅಂದರೆ ಬಹುತೇಕ ತುಂಬಿರುತ್ತದೆ; ಹೊಸ ಬ್ಯಾಟರಿ ಕೊಳ್ಳುವ ಅಗತ್ಯ ಬೀಳಲಿಲ್ಲ. ಸೀರೀಸ್ ಮಾಡುವವರು ಎರಡೂ ಪ್ಯಾನೆಲ್‌ಗಳ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದೆ ಇದ್ದಾಗಿನ ವೋಲ್ಟೇಜ್) ಕೂಡಿಸಿ, ಕಂಟ್ರೋಲರ್‌ನ ಮಿತಿಯೊಳಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.