ಅರ್ಧ ಸಾಮರ್ಥ್ಯ ಹಸಿರಾದ ಮೇಲೂ ಕಲ್ಲಿದ್ದಲು ಏಕೆ ಉರಿಯುತ್ತಿದೆ?

ಪ್ರಶ್ನೆ (ಪಿಯು ಕಾಲೇಜಿನ ಅರ್ಥಶಾಸ್ತ್ರ ಉಪನ್ಯಾಸಕರು): ನಮಸ್ಕಾರ ಮೇಡಂ. ದೇಶದ ಒಟ್ಟು ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಸೌರ, ಪವನ, ಜಲ, ಅಣು ಮೂಲಗಳದ್ದಾಗಿದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. 2030ರ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದಂತಾಯಿತು. ಹಾಗಿದ್ದರೂ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲಿನ ರೈಲುಗಳು ಬರುತ್ತಲೇ ಇವೆ. ಇದನ್ನು ವಿದ್ಯಾರ್ಥಿಗಳಿಗೆ ಹೇಗೆ ವಿವರಿಸಲಿ?

ಉತ್ತರ (ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಬೇಡಿಕೆ-ಪೂರೈಕೆ ಸರಿದೂಗಿಸುವ ಲೋಡ್ ಡಿಸ್ಪ್ಯಾಚ್ ವಿಭಾಗದ ಎಂಜಿನಿಯರ್): ನಮಸ್ಕಾರ ಸರ್. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂಬುದನ್ನು ಮೊದಲು ಲೆಕ್ಕ ಮಾಡಿಸಿಯೇ ತೋರಿಸಿ. ಒಂದು ಮೆಗಾವ್ಯಾಟ್‌ನ ಸೌರ ಘಟಕ ವರ್ಷಕ್ಕೆ ಹೆಚ್ಚುಕಡಿಮೆ 19 ಲಕ್ಷ ಯೂನಿಟ್ ಕೊಟ್ಟರೆ, ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ 60 ಲಕ್ಷ ಯೂನಿಟ್‌ನಷ್ಟು ಕೊಡುತ್ತದೆ. ಆದ್ದರಿಂದಲೇ ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಶೇ 70ರಷ್ಟು ಇಂದಿಗೂ ಕಲ್ಲಿದ್ದಲಿನದೇ ಆಗಿದೆ.

ಇದಕ್ಕಿಂತ ಕಠಿಣವಾದದ್ದು ಹೊತ್ತಿನ ಪ್ರಶ್ನೆ. ಪಾವಗಡ ತಾಲ್ಲೂಕಿನ 13,000 ಎಕರೆಯ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ನಡುಮಧ್ಯಾಹ್ನ ಉಕ್ಕಿ ಬರುವ ಆ ವಿದ್ಯುತ್ತು ಸೂರ್ಯ ಮುಳುಗುತ್ತಿದ್ದಂತೆ ಇಲ್ಲವಾಗುತ್ತದೆ. ಮನೆಮನೆಯ ದೀಪ, ಫ್ಯಾನು, ಟಿವಿಗಳೆಲ್ಲ ಒಟ್ಟಿಗೆ ಚಾಲೂ ಆಗುವುದೂ ಆ ಹೊತ್ತಿನಲ್ಲೇ. ಹಾಗೆಂದು ಕಲ್ಲಿದ್ದಲು ಘಟಕವನ್ನು ಹಗಲು ಆರಿಸಿ ಸಂಜೆ ಹೊತ್ತಿಸಲು ಬರುವುದಿಲ್ಲ. ಬಾಯ್ಲರ್ ಒಮ್ಮೆ ತಣ್ಣಗಾದರೆ ಮತ್ತೆ ಪೂರ್ಣ ಹಬೆ ಬರಲು ಹಲವು ಗಂಟೆಗಳೇ ಬೇಕು, ಬಿಸಿ ಏರಿಳಿದಷ್ಟೂ ಅದರ ಕೊಳವೆಗಳು ಸವೆಯುತ್ತವೆ. ಸಂಜೆಗೆ ಆ ಘಟಕ ಬೇಕೆಂದಾದರೆ, ಬಿಸಿಲು ಧಾರಾಳವಾಗಿರುವಾಗಲೂ ಅದನ್ನು ಶೇ 55ರಷ್ಟು ಹೊರೆಯಲ್ಲಿ ಉರಿಸುತ್ತಲೇ ಇರಬೇಕಾಗುತ್ತದೆ.

ಹಾಗಾಗಿ ಇನ್ನಷ್ಟು ಸೌರ ಫಲಕ ಹಾಕುವುದಕ್ಕಿಂತ ವಿದ್ಯುತ್ತಿನ ಸಂಗ್ರಹಣೆಯೇ ಈಗ ತುರ್ತಾಗಿ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ, ಸಂಜೆ ಟರ್ಬೈನಿಗೆ ಬಿಡುವುದು ಒಂದು ದಾರಿ; ಶರಾವತಿಯಲ್ಲಿ ಗೇರುಸೊಪ್ಪೆ ಮತ್ತು ತಲಕಳಲೆ ಜಲಾಶಯಗಳ ನಡುವೆ ಉದ್ದೇಶಿಸಿರುವ 2,000 ಮೆಗಾವ್ಯಾಟ್ ಯೋಜನೆ ಅಂಥದ್ದು. ಆದರೆ ಅದು ಅಳಿವಿನಂಚಿನ ಸಿಂಗಳೀಕ ಕೋತಿಗಳ ಕಾಡು. ಬ್ಯಾಟರಿಯ ಬೆಲೆ ಇಷ್ಟು ವೇಗವಾಗಿ ಇಳಿಯುತ್ತಿರುವಾಗ, ಸಬ್‌ಸ್ಟೇಷನ್ ಪಕ್ಕದಲ್ಲೇ ಬ್ಯಾಟರಿ ಇಡುವ ಸಾಧ್ಯತೆಯನ್ನು ಪೂರ್ತಿ ಪರಿಶೀಲಿಸದೆ ಆ ಕಾಡಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ (ಕೃಷಿಕರು, ಚಿತ್ರದುರ್ಗ ಜಿಲ್ಲೆ): ಮೇಡಂ, ನಮ್ಮ ಐಪಿ ಸೆಟ್‌ಗಳಿಗೆ (ನೀರಾವರಿ ಪಂಪ್‌ಸೆಟ್‌ಗಳಿಗೆ) ಹಗಲಿನಲ್ಲೇ ತ್ರೀ ಫೇಸ್ ಕೊಟ್ಟುಬಿಟ್ಟರೆ ಅಷ್ಟರಮಟ್ಟಿಗೆ ಸಂಗ್ರಹಣೆಯೇ ಬೇಕಾಗುವುದಿಲ್ಲವಲ್ಲ?

ಉತ್ತರ: ನೀವು ಹೇಳಿದ್ದು ಸರಿ ಸರ್. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ಬಳಕೆಯನ್ನು ಹಗಲಿಗೆ ತರುವುದು ಅಗ್ಗ. ಕೃಷಿಗೆ ಸೌರ ವಿದ್ಯುತ್ತು ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಒಂದು ಭಾಗವಾಗಿ ಪಂಪ್‌ಸೆಟ್ ಫೀಡರ್‌ಗಳಿಗೆ (ಪಂಪ್‌ಸೆಟ್‌ಗಳಿಗೆ ಹೋಗುವ ವಿದ್ಯುತ್ ಮಾರ್ಗಗಳಿಗೆ) ಸಬ್‌ಸ್ಟೇಷನ್ ಹತ್ತಿರವೇ ಸೌರ ಘಟಕ ಜೋಡಿಸುತ್ತಿರುವುದು ಇದೇ ಉದ್ದೇಶದಿಂದ. ಟಾರ್ಚ್ ಹಿಡಿದು, ಹಾವು-ಚೇಳಿಗೆ ಅಂಜಿಕೊಂಡು ನಡುರಾತ್ರಿ ಸ್ಟಾರ್ಟರ್ ಒತ್ತಲು ಹೋಗುವ ಕಷ್ಟವೂ ಇದರಿಂದ ತಪ್ಪುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹಗಲೆಲ್ಲ ಪುಕ್ಕಟೆ ವಿದ್ಯುತ್ತು ಸಿಕ್ಕಿತೆಂದು ಬೋರ್‌ವೆಲ್ ಬಿಡುವಿಲ್ಲದೆ ಓಡಿದರೆ ನಿಮ್ಮ ಭಾಗದ ಅಂತರ್ಜಲ ತಾಳುವುದಿಲ್ಲ. ಹನಿ ನೀರಾವರಿ ಇದರ ಜೊತೆಗೇ ಬರಬೇಕು.

ಪ್ರಶ್ನೆ (ಅದೇ ಉಪನ್ಯಾಸಕರು): ವಿದ್ಯುತ್ತಿನ ಮಾತು ತಿಳಿಯಿತು. ತೋರಣಗಲ್ಲಿನ ಉಕ್ಕು, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಿಂದ ಬರುವ ಇಂಗಾಲದ ಗತಿ ಏನು?

ಉತ್ತರ: ಅಲ್ಲಿ ಇಂಗಾಲ ಬರುವುದು ಉರುವಲಿನಿಂದ ಮಾತ್ರವಲ್ಲ, ರಾಸಾಯನಿಕ ಕ್ರಿಯೆಯಿಂದಲೂ ಹೌದು. ಸುಣ್ಣದ ಕಲ್ಲನ್ನು ಯಾವ ಬೆಂಕಿಯಲ್ಲಿ ಸುಟ್ಟರೂ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದೇ ಬರುತ್ತದೆ. ಸಿಮೆಂಟಿಗೆ ಹಾರುಬೂದಿ, ಊದುಕುಲುಮೆಯ ಕಿಟ್ಟ (ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸರು) ಬೆರೆಸಿ ಸುಣ್ಣದ ಕಲ್ಲಿನ ಪಾಲು ತಗ್ಗಿಸುವುದೇ ಸದ್ಯದ ಉಪಾಯ. ಉಕ್ಕಿನಲ್ಲಿ, ಅದಿರಿನಿಂದ ಆಮ್ಲಜನಕವನ್ನು ಬಿಡಿಸಲು ಕೋಕ್ (ಕಲ್ಲಿದ್ದಲನ್ನು ಕಾಯಿಸಿ ತಯಾರಿಸಿದ ಉರುವಲು) ಬದಲು ಜಲಜನಕವನ್ನು ಬಳಸಬಹುದು. ಸ್ವೀಡನ್ನಿನ ಲುಲಿಯೊದ ಪ್ರಾಯೋಗಿಕ ಘಟಕ 2021ರಲ್ಲಿ ಇದನ್ನು ಮಾಡಿ ತೋರಿಸಿತು. ಆದರೆ ಒಂದು ಟನ್ ಉಕ್ಕಿಗೆ 50 ಕಿಲೋಗ್ರಾಮಿಗೂ ಹೆಚ್ಚು ಜಲಜನಕ ಬೇಕು, ಪ್ರತಿ ಕಿಲೋ ಜಲಜನಕಕ್ಕೆ 50 ಯೂನಿಟ್‌ಗೂ ಹೆಚ್ಚು ವಿದ್ಯುತ್ತು ಬೇಕು. ಅಂದರೆ ಟನ್ನಿಗೆ 2,500 ಯೂನಿಟ್ ದಾಟುತ್ತದೆ. ಅಷ್ಟನ್ನು ಕಲ್ಲಿದ್ದಲಿನ ವಿದ್ಯುತ್ತಿನಿಂದ ತಯಾರಿಸಿದರೆ ಇಂಗಾಲ ಕಡಿಮೆಯಾಗದು, ಬಹುಶಃ ಹೆಚ್ಚೇ ಆಗುತ್ತದೆ. ಹಾಗಾಗಿ ಮೊದಲು ಗ್ರಿಡ್ಡನ್ನು ಹಸನುಗೊಳಿಸಿ, ಆಮೇಲೆ ಕುಲುಮೆಗೆ ಹೋಗಬೇಕು.