ಭಾನುವಾರದ ಪಾತ್ರೆ ಮೇಳಕ್ಕೆ ಹೋಗು, ಸೆಟ್ ಮಾತ್ರ ತರಬೇಡ

ಪುಟ್ಟೀ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ಪಾಂಪ್ಲೆಟ್ ಫೋಟೋ ಈಗ ನೋಡಿದೆ. ತೋಟದ ಕೆಳಗಡೆ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೆ ತಡವಾಯಿತು. ಮಡಿಕೇರಿಯ ಪಾತ್ರೆ ಅಂಗಡಿಯಲ್ಲಿ ಭಾನುವಾರ ಮೇಳ, ಅಡುಗೆ ಮಾಡಿ ತೋರಿಸುತ್ತಾರೆ, ಹಳೇ ಪಾತ್ರೆ ಕೊಟ್ಟರೆ ಹೊಸದಕ್ಕೆ ಬೆಲೆ ಕಮ್ಮಿ, ಕುಕ್ಕರ್ ಸರ್ವೀಸೂ ಇದೆ. ಒಂಬತ್ತು ಪೀಸಿನ ನಾನ್‌ಸ್ಟಿಕ್ ಸೆಟ್ ತೆಗೆದುಕೊಂಡುಬಿಡಲಾ ದೊಡ್ಡಮ್ಮಾ ಅಂತ ಕೇಳಿದ್ದೀಯ. ನಿನ್ನ ಗಂಡ ಹೆಬ್ಬೆರಳು ಹಾಕಿದ್ದಾನೆ. ಬೆಂಗಳೂರಿನ ಅತ್ತಿಗೆ ಆನ್‌ಲೈನಲ್ಲಿ ಇನ್ನೂ ಕಮ್ಮಿ ಅಂದಿದ್ದಾರೆ. ನಾನು ಹೇಳುವುದು ಇಷ್ಟು, ಮೇಳಕ್ಕೆ ಖಂಡಿತ ಹೋಗು, ಆದರೆ ಸೆಟ್ ತರಬೇಡ. ಯಾಕೆ ಅಂತ ಹೇಳುತ್ತೇನೆ, ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು.

ಮೇಳದಲ್ಲಿ ಏನು ಮಾಡಿ ತೋರಿಸುತ್ತಾರೆ ಹೇಳು? ಎಣ್ಣೆ ಇಲ್ಲದೆ ಆಮ್ಲೆಟ್, ಎಣ್ಣೆ ಇಲ್ಲದೆ ದೋಸೆ. ಹೊಸ ನಾನ್‌ಸ್ಟಿಕ್ ಮೇಲೆ ಅದು ಜಾರಿ ಪ್ಲೇಟಿಗೆ ಬೀಳುತ್ತದೆ, ನೋಡಿದವರೆಲ್ಲ ಆಹಾ ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ನಮ್ಮ ಮನೆಯಲ್ಲಿ ಬೆಳಗಾದರೆ ಕಾವಲಿ ಮೇಲೆ ಬೀಳುವುದು ಅಕ್ಕಿ ರೊಟ್ಟಿ. ಅನ್ನ ಮತ್ತು ಅಕ್ಕಿ ಹಿಟ್ಟು ಸೇರಿಸಿ ನಾದಿ, ತಟ್ಟಿ, ಒಂದು ತೊಟ್ಟು ಎಣ್ಣೆ ಇಲ್ಲದೆ ಸುಡುವುದು. ಕಾವಲಿ ಚೆನ್ನಾಗಿ ಕಾಯದಿದ್ದರೆ ರೊಟ್ಟಿ ಉಬ್ಬುವುದಿಲ್ಲ, ಚರ್ಮದ ಹಾಗೆ ಆಗುತ್ತದೆ. ನಾನ್‌ಸ್ಟಿಕ್ಕಿಗೆ ಇದೇ ಆಗದ ಕೆಲಸ. ಅದರ ಮೇಲಿನ ಟೆಫ್ಲಾನ್ ಪದರಕ್ಕೆ ಸುಮಾರು 260 ಡಿಗ್ರಿ ತನಕ ತೊಂದರೆ ಇಲ್ಲ, ಅಲ್ಲಿಂದ ಮೇಲೆ ಹೋದರೆ ಹಾಳಾಗಲು ಶುರು. ಖಾಲಿ ತವಾ ದೊಡ್ಡ ಉರಿಯ ಮೇಲೆ ಇಟ್ಟರೆ ಕೆಲವೇ ನಿಮಿಷದಲ್ಲಿ ಅಷ್ಟು ಕಾಯುತ್ತದೆ. ಜಾಸ್ತಿ ಕಾದರೆ ಬರುವ ಹೊಗೆ ಮನುಷ್ಯರಿಗೆ ಒಳ್ಳೆಯದಲ್ಲ, ಮನೆಯಲ್ಲಿ ಸಾಕಿದ ಗಿಳಿಯಂಥ ಹಕ್ಕಿಗಳು ಅದರಿಂದ ಸತ್ತೇ ಹೋಗುತ್ತವೆ. ನಿಮ್ಮ ಮನೆಯಲ್ಲಿ ಲವ್ ಬರ್ಡ್ಸ್ ಪಂಜರ ಅಡುಗೆಮನೆ ಕಿಟಕಿಯಲ್ಲೇ ಇದೆ ಅಲ್ವಾ, ಅದನ್ನು ಮೊದಲು ಬೇರೆ ಕಡೆ ಇಡು.

ಡಬ್ಬದ ಮೇಲೆ ಪಿಎಫ್ಓಎ ಇಲ್ಲ ಅಂತ ಹಸಿರು ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಆ ಪದರ ತಯಾರು ಮಾಡುವಾಗ ಹಿಂದೆ ಬಳಸುತ್ತಿದ್ದ ಒಂದು ಕೆಮಿಕಲ್. ಅದು ಇಲ್ಲದಿರುವುದು ಒಳ್ಳೆಯದೇ. ಹಾಗಂತ ಎಷ್ಟು ಬೇಕಾದರೂ ಕಾಯಿಸಬಹುದು ಅಂತ ಅರ್ಥ ಅಲ್ಲ. ಮೊಟ್ಟೆಗೆ, ನೀರ್ ದೋಸೆಗೆ ಒಂದು ಸಣ್ಣ ನಾನ್‌ಸ್ಟಿಕ್ ಇರಲಿ, ಮರದ ಸೌಟು ಬಳಸು, ಸಣ್ಣ ಉರಿಯಲ್ಲಿ ಮಾಡು, ಪದರ ಎದ್ದ ದಿನ ಬಿಸಾಡು. ಒಂಬತ್ತು ಯಾಕೆ?

ಹೋದ ವರ್ಷ ವಿರಾಜಪೇಟೆಯಲ್ಲಿ ಬುಧವಾರ ಸಂತೆಗೆ ಹೋದಾಗ ಒಂದು ಅಂಗಡಿಯಲ್ಲಿ ಇಂಥದ್ದೇ ಡೆಮೊ ಇತ್ತು. ನನಗೆ ಮೊದಲೇ ಗೊತ್ತಿತ್ತು, ಡಬ್ಬಿಯಲ್ಲಿ ರೊಟ್ಟಿ ಹಿಟ್ಟು ನಾದಿಕೊಂಡೇ ಹೋಗಿದ್ದೆ. ಆಮ್ಲೆಟ್ ಆದ ಮೇಲೆ, ಅಪ್ಪಾ, ಇದನ್ನೊಂದು ಸುಟ್ಟು ತೋರಿಸು ಅಂದೆ. ಆ ಹುಡುಗ ಒಳ್ಳೆಯವನು, ಬೇಸರ ಮಾಡಿಕೊಳ್ಳಲಿಲ್ಲ. ಒಂದು ಸುಟ್ಟ, ಬಿಳಿಚಿಕೊಂಡೇ ಇತ್ತು, ಉಬ್ಬಲಿಲ್ಲ. ಉರಿ ಜಾಸ್ತಿ ಮಾಡು ಅಂದೆ. ಅವನೇ ಕೈ ಹಿಂದೆ ತೆಗೆದು, ಬೇಡ ಅಮ್ಮಾ, ಇದಕ್ಕೆ ನೀವು ಬೀಡಿನ ಕಾವಲಿಯೇ ತೆಗೆದುಕೊಳ್ಳಿ ಅಂತ ಒಳಗಿನಿಂದ ಒಂದು ತಂದುಕೊಟ್ಟ. ಆವತ್ತಿನಿಂದ ನಾನು ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ. ಅವರ ಅಡುಗೆ ನೋಡಿ ಪಾತ್ರೆ ತರಬೇಡಿ, ನಿಮ್ಮ ಅಡುಗೆ ತೆಗೆದುಕೊಂಡು ಹೋಗಿ.

ಬೀಡು ಅಂದರೆ ಎರಕದ ಕಬ್ಬಿಣ, ಅದರ ಕಾವಲಿ ತಂದರೆ ಪಳಗಿಸಬೇಕು. ಪಳಗಿಸಿದ್ದೇ ಅಂತ ಬರೆದಿದ್ದರೂ ಮನೆಯಲ್ಲಿ ಇನ್ನೊಮ್ಮೆ ಮಾಡು. ಬಿಸಿ ನೀರಲ್ಲಿ ತೊಳೆದು, ಒಲೆಯ ಮೇಲೆ ಇಟ್ಟು ಪೂರ್ತಿ ಒಣಗಿಸಿ, ಎಣ್ಣೆ ತೆಳ್ಳಗೆ ಸವರಿ, ಬಟ್ಟೆಯಲ್ಲಿ ಒರೆಸಿ ತೆಗೆದುಬಿಡು, ಎಣ್ಣೆ ಇದೆಯೋ ಇಲ್ಲವೋ ಅನ್ನುವಷ್ಟು ಉಳಿದರೆ ಸಾಕು. ಆಮೇಲೆ ಸಣ್ಣಗೆ ಹೊಗೆ ಬರುವ ತನಕ ಕಾಯಿಸಿ ಆರಿಸು. ನಾಲ್ಕು ಸಲ ಹೀಗೆ. ಎಣ್ಣೆ ಕಾದು ಕಬ್ಬಿಣದ ಮೇಲೆ ಗಟ್ಟಿ ಪದರ ಆಗುತ್ತದೆ, ಕಾವಲಿಯ ಕರಿ ಹೊಳಪು ಅಂದರೆ ಅದೇ. ಎಣ್ಣೆ ಜಾಸ್ತಿ ಆದರೆ ಅಂಟಂಟು. ನೀನು ಮಂಗಳೂರಿನವಳು, ನಿನ್ನ ಅಮ್ಮನ ಮನೆಯಲ್ಲೂ ದೋಸೆ ಕಾವಲಿ ನೋಡಿರುತ್ತೀಯ. ಆದರೆ ನಮ್ಮ ಮಡಿಕೇರಿ ಮಳೆ ಬೇರೆ. ಜೂನಲ್ಲಿ ಶುರುವಾದರೆ ಗೋಡೆಯೇ ಬೆವರುತ್ತದೆ. ರಾತ್ರಿ ತೊಳೆದು ಹಾಗೇ ಇಟ್ಟ ಕಾವಲಿ ಬೆಳಿಗ್ಗೆ ಕೆಂಪಗೆ ತುಕ್ಕು. ತೊಳೆದ ಕೂಡಲೇ ಒಂದು ನಿಮಿಷ ಒಲೆಯ ಮೇಲಿಡು, ತೊಟ್ಟು ಎಣ್ಣೆ ಸವರು, ಪೇಪರ್ ಸುತ್ತಿ ಒಲೆ ಹತ್ತಿರ ಇಡು. ಮರದ ಸೌಟು, ಲಟ್ಟಣಿಗೆ ಕೂಡ ಬೂಷ್ಟು ಹಿಡಿಯುತ್ತವೆ, ಮಳೆಗೆ ಮುಂಚೆ ಬಿಸಿಲಿರುವಾಗ ಒಣಗಿಸಿ ತೆಂಗಿನೆಣ್ಣೆ ಕುಡಿಸು.

ಇನ್ನು ಪಂದಿ ಕರಿ, ನಮ್ಮ ಹಂದಿ ಮಾಂಸದ ಸಾರು. ಇದನ್ನು ಬೀಡಿನ ಬಾಣಲೆಯಲ್ಲಿ ಮಾಡಬೇಡ. ನಾವು ಕೊನೆಗೆ ಕಾಚಂಪುಳಿ ಹಾಕುತ್ತೇವೆ, ಹಣ್ಣಿನ ರಸ ಕಾಯಿಸಿ ಮಾಡಿದ ಕರಿ ಹುಳಿ, ಅದು ಹುಳಿ ಅಂದರೆ ಅಂಥಿಂಥ ಹುಳಿ ಅಲ್ಲ. ನೀನು ಕಷ್ಟಪಟ್ಟು ಪಳಗಿಸಿದ ಪದರವನ್ನೇ ಕಿತ್ತುಹಾಕುತ್ತದೆ, ಸಾರಿಗೆ ಕಬ್ಬಿಣದ ಒಗರು ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಹುಳಿಗೆ ಆಗುವುದಿಲ್ಲ. ಕಲಾಯಿ ಹೋದ ಹಿತ್ತಾಳೆ, ತಾಮ್ರ ಅಂತೂ ಬೇಡವೇ ಬೇಡ, ಲೋಹ ಊಟಕ್ಕೆ ಇಳಿಯುತ್ತದೆ. ಇದಕ್ಕೆ ದಪ್ಪ ತಳದ ಸ್ಟೀಲ್. ಈಗ ಟ್ರೈಪ್ಲೈ ಅಂತ ಬಂದಿದೆ ಅಲ್ವಾ, ಎರಡು ಸ್ಟೀಲ್ ಹಾಳೆಯ ಮಧ್ಯೆ ಅಲ್ಯೂಮಿನಿಯಂ. ಸ್ಟೀಲ್ ಬಿಸಿಯನ್ನು ಹರಡುವುದರಲ್ಲಿ ತುಂಬಾ ನಿಧಾನ, ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಚುರುಕು. ಹಾಗಾಗಿ ನಡುವೆ ಒಂದೇ ಕಡೆ ಕಾದು ತಳ ಹಿಡಿಯುವುದು ನಿಲ್ಲುತ್ತದೆ, ಹುಳಿ ತಾಗುವುದು ಸ್ಟೀಲಿಗೆ ಮಾತ್ರ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಆ ಸೆಟ್ಟಿನ ದುಡ್ಡಲ್ಲಿ ಒಂದು ಒಳ್ಳೆಯ ಟ್ರೈಪ್ಲೈ ಬಾಣಲೆ, ಒಂದು ಬೀಡಿನ ಕಾವಲಿ ಎರಡೂ ಬಂದರೆ ಅದೇ ಲಾಭ. ಒಳಗಿನ ಸ್ಟೀಲ್ 304 ಅಂತ ಇದೆಯಾ ಕೇಳು, 18/8 ಅಂದರೂ ಅದೇ, ನೂರಕ್ಕೆ 18 ಕ್ರೋಮಿಯಂ, 8 ನಿಕಲ್. ಸ್ಟೀಲಲ್ಲಿ ಹಿಡಿಯುತ್ತದೆ ಅಂತ ಹೆದರಬೇಡ. ಖಾಲಿ ಬಾಣಲೆ ಮೊದಲು ಕಾಯಲಿ, ಒಂದು ಹನಿ ನೀರು ಹಾಕಿದರೆ ಮುತ್ತಿನ ಹಾಗೆ ಓಡಾಡಬೇಕು, ಆಮೇಲೆ ಎಣ್ಣೆ.

ಮಡಿಕೇರಿಗೆ ಬಂದ ಮೇಲೆ ತೊಗರಿಬೇಳೆ ಬೇಯುವುದೇ ಇಲ್ಲ, ನನ್ನ ಕೈಗುಣವೇ ಹೋಯಿತು ಅಂತ ನೀನು ಹೋದ ವಾರ ಬರೆದಿದ್ದೆ. ಓದಿ ನನಗೆ ಬೇಜಾರಾಯಿತು. ನಿನ್ನ ಕೈಗುಣಕ್ಕೆ ಏನೂ ಆಗಿಲ್ಲ ಪುಟ್ಟೀ. ಮಂಗಳೂರಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮಡಿಕೇರಿ ಸಮುದ್ರದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಕಮ್ಮಿ, ನೀರು ಸುಮಾರು 96ಕ್ಕೇ ಕುದಿದುಬಿಡುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿ ಆಗುವುದಿಲ್ಲ. ನೀನು ತೆರೆದ ಪಾತ್ರೆಯಲ್ಲಿ ಬೇಯಿಸುತ್ತಿದ್ದೀಯ, ಅದಕ್ಕೇ ಹಾಗೆ. ಕುಕ್ಕರಿನೊಳಗೆ ಒತ್ತಡ ಕಟ್ಟಿಕೊಂಡು 120 ಡಿಗ್ರಿ ಹತ್ತಿರ ಹೋಗುತ್ತದೆ, ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಅಲ್ಲಿ ಇಡುತ್ತಿದ್ದದ್ದಕ್ಕಿಂತ ಒಂದೆರಡು ನಿಮಿಷ ಜಾಸ್ತಿ ಇಡು ಅಷ್ಟೇ. ಹಾಗಾಗಿ ಮೇಳದಲ್ಲಿ ಯಾವುದಕ್ಕಾದರೂ ದುಡ್ಡು ಹಾಕುವುದಾದರೆ ಮೊದಲು ಒಳ್ಳೆಯ ಕುಕ್ಕರಿಗೆ ಹಾಕು. ಇಬ್ಬರಿಗೆ 3 ಲೀಟರ್ ಸಾಕು. ಐಎಸ್ಐ ಗುರುತು, ಅದರ ಜೊತೆ ಐಎಸ್ 2347 ಅನ್ನುವ ನಂಬರ್ ಇರಬೇಕು. 2021ರಿಂದ ಮನೆ ಬಳಕೆಯ ಕುಕ್ಕರಿಗೆ ಅದು ಕಡ್ಡಾಯ. ಕಣ್ಣಲ್ಲಿ ನೋಡದೆ ತೆಗೆದುಕೊಳ್ಳಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮಗ ಸಣ್ಣವನಿದ್ದಾಗ ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ಹೋಯಿತು. ಹತ್ತಿರ ಸಿಕ್ಕಿತು ಅಂತ ಹೆಸರಿಲ್ಲದ ವಾಲ್ವ್ ಒಂದನ್ನು ತಂದು ನಾನೇ ತಿರುಗಿಸಿ ಹಾಕಿದೆ. ಒಂದು ಸಂಜೆ ಬೇಳೆಯ ನೊರೆ ಏರಿ ವಿಶಲ್ ಕೊಳವೆ ಕಟ್ಟಿಕೊಂಡಿದೆ. ಒತ್ತಡ ಹೆಚ್ಚಾದಾಗ ಒಳಗಿನ ಮಿಶ್ರಲೋಹ ಕರಗಿ ದಾರಿ ಬಿಡಬೇಕಿತ್ತು, ಬಿಡಲಿಲ್ಲ, ಮುಚ್ಚಳವೇ ಹಾರಿತು. ಮಗು ಆಗಷ್ಟೇ ನೀರು ಕೇಳಿ ಹೊರಗೆ ಹೋಗಿತ್ತು. ಇವತ್ತಿಗೂ ಆ ಸದ್ದು ನೆನಪಾದರೆ ಕೈ ನಡುಗುತ್ತದೆ. ಅದಕ್ಕೆ ಹೇಳುತ್ತೇನೆ, ಬೇಳೆ, ಅಕ್ಕಿಯಂಥ ನೊರೆ ಬರುವುದನ್ನು ಅರ್ಧದ ಮೇಲೆ ತುಂಬಬೇಡ, ಬೇರೆ ಅಡುಗೆಯನ್ನು ಮೂರನೇ ಎರಡು ಭಾಗದ ಮೇಲೆ ತುಂಬಬೇಡ. ಮುಚ್ಚುವ ಮುಂಚೆ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯಲ್ಲಿ ಆಚೆ ಕಾಣುತ್ತದಾ ನೋಡು. ದಿನಾ. ಈ ಮೇಳಗಳಲ್ಲಿ ನನಗೆ ನಿಜವಾಗಿ ಇಷ್ಟವಾಗುವುದು ಕುಕ್ಕರ್ ಸರ್ವೀಸ್ ಟೇಬಲ್. ಕಂಪನಿಯವರೇ ಬಂದು ಗ್ಯಾಸ್ಕೆಟ್, ವಾಲ್ವ್, ಹಿಡಿ ಎಲ್ಲ ನೋಡುತ್ತಾರೆ, ಅಸಲಿ ಭಾಗ ಹಾಕಿಕೊಡುತ್ತಾರೆ. ಜನ ಅಲ್ಲಿ ನಿಲ್ಲುವುದೇ ಇಲ್ಲ, ಎಲ್ಲರೂ ಲಕ್ಕಿ ಕೂಪನ್ ಡಬ್ಬದ ಹತ್ತಿರ. ಗ್ಯಾಸ್ಕೆಟ್ ಕೇಳುವವರು ಮುಚ್ಚಳ ಒಯ್ಯಬೇಕು, ಲೀಟರ್ ಒಂದೇ ಆದರೂ ಅಳತೆ ಬೇರೆ ಇರುತ್ತದೆ. ಗ್ರೂಪಿನ ಎಲ್ಲರೂ ಒಯ್ಯಿರಿ, ದಯವಿಟ್ಟು.

ಇನ್ನು ಹಳೇ ಪಾತ್ರೆ ಕೊಡುವ ವಿಷಯ. ಡೊಂಕಾದ ಅಲ್ಯೂಮಿನಿಯಂ, ಪದರ ಎದ್ದ ತವಾ ಕೊಡು. ಹಿತ್ತಾಳೆ, ಕಂಚು ಕೊಡಬೇಡ. ಬಹಳ ವರ್ಷದ ಹಿಂದೆ ಇಂಥ ಒಂದು ಮೇಳದಲ್ಲಿ ಅತ್ತೆಯ ಹಿತ್ತಾಳೆ ಒರಳು, ನೂಲ್‌ಪುಟ್ಟು ಅಂದರೆ ಅಕ್ಕಿ ಶ್ಯಾವಿಗೆ ಒತ್ತುವುದು, ಅದನ್ನು ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಗಳನ್ನು ತಂದೆ. ಉಜ್ಜಿ ಉಜ್ಜಿ ಸಾಕಾಗಿತ್ತು, ಮಕ್ಕಳು ಚಿಕ್ಕವರು. ಅತ್ತೆ ಒಂದು ಮಾತೂ ಆಡಲಿಲ್ಲ. ಆ ವರ್ಷ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹೊಸ ಒರಳಲ್ಲಿ ಒತ್ತಲು ಕೂತಾಗ ಹಿಟ್ಟು ಸ್ವಲ್ಪ ಆರಿತು ನೋಡು, ಹಿಡಿಯೇ ಬಾಗಿತು. ಅತ್ತೆ ಎದ್ದು ಹೋಗಿ ಜಗಲಿಯಲ್ಲಿ ಕೂತರು. ನಾನು ಆ ಅಂಗಡಿಗೆ ಮತ್ತೆ ಹೋಗಿ ಕೇಳಿದೆ, ಕರಗಿಸಲು ಕಳಿಸಿ ಆಗಿತ್ತು. ನಿನ್ನ ಮನೆಯ ಅಟ್ಟದಲ್ಲಿ ಒಂದು ಒರಳಿದೆ, ನನಗೆ ಗೊತ್ತು, ಅದನ್ನು ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜು. ನೂಲ್‌ಪುಟ್ಟು ಬಿಸಿ ಹಿಟ್ಟಿನದು, ಹುಳಿ ಇಲ್ಲ, ಕಲಾಯಿ ಚಿಂತೆ ಇಲ್ಲ.

ಇಂಡಕ್ಷನ್ ಒಲೆಗೂ ಆಫರ್ ಇದೆ ಅಂತ ಕಂಡಿತು. ಇರಲಿ, ಆದರೆ ಅದನ್ನೇ ನಂಬಿಕೊಳ್ಳಬೇಡ, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಇಂಡಕ್ಷನ್ ಮೇಲೆ ನಡೆಯುತ್ತದೆ, ಫ್ರಿಜ್ಜಿನ ಮೇಲಿನ ಅಯಸ್ಕಾಂತ ಒಂದು ಪರ್ಸಲ್ಲಿ ಹಾಕಿಕೋ. ಕೊಳ್ಳುವ ಪಾತ್ರೆಯನ್ನು ಟೇಬಲ್ ಮೇಲಿಟ್ಟು ಅಲುಗಾಡುತ್ತದಾ ನೋಡು, ಒಂದೇ ಕೈಯಲ್ಲಿ ಎತ್ತಿ ನೋಡು, ತುಂಬಿದ ಮೇಲೆ ಇನ್ನೂ ಭಾರ ಅಲ್ವಾ. ವಾರಂಟಿ ಕಾರ್ಡಿಗೆ ತಾರೀಕು ಹಾಕಿ ಸೀಲ್ ಒತ್ತಿಸಿಕೋ, ಬಿಲ್ಲಿನ ಫೋಟೋ ತೆಗೆದು ಇಟ್ಟುಕೋ, ಮಳೆಗಾಲ ಮುಗಿಯುವಷ್ಟರಲ್ಲಿ ಬಿಲ್ಲಿನ ಅಕ್ಷರ ಅಳಿಸಿಹೋಗುತ್ತದೆ.

ಕಡಂಬುಟ್ಟಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆಗೆ, ಬೇರೆ ಪಾತ್ರೆ ಏನೂ ಬೇಡ, ನಿನ್ನ ಹತ್ತಿರ ಇರುವ ಇಡ್ಲಿ ಪಾತ್ರೆಯಲ್ಲೇ ತೂತಿನ ತಟ್ಟೆ ಇಟ್ಟು ಬೇಯಿಸಬಹುದು. ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ ಅಂದಿದ್ದೆ, ಅದು ಚಳಿಗೆ. ಒಲೆಯ ಪಕ್ಕದಲ್ಲಿ ಕಂಬಳಿ ಸುತ್ತಿ ಇಡು, ಸಂಜೆಯ ಬದಲು ಮಧ್ಯಾಹ್ನವೇ ರುಬ್ಬಿಡು.

ಭಾನುವಾರ ನಾನೂ ಬರುತ್ತೇನೆ. ಹತ್ತು ಗಂಟೆಗೆ ಬಸ್ ಸ್ಟ್ಯಾಂಡಲ್ಲಿ ಇಳಿಯುತ್ತೇನೆ, ನಿನ್ನ ಗಂಡನಿಗೆ ಕಾರು ತರಲು ಹೇಳು. ರೊಟ್ಟಿ ಹಿಟ್ಟು ನಾದಿ ಡಬ್ಬಿಯಲ್ಲಿ ತರುತ್ತೇನೆ, ಅಲ್ಲೇ ಸುಡಿಸಿ ನೋಡೋಣ. ನೀನು ಕುಕ್ಕರ್ ಮುಚ್ಚಳ ಮರೆಯಬೇಡ.