ಡೆಬಿಯನ್ 12 ಹಾಕಿದ ಮೇಲೆ ಗ್ರಬ್ ಮೆನುವಿನಲ್ಲಿ ವಿಂಡೋಸ್ 10 ಬರುತ್ತಿಲ್ಲ (ಎರಡು ಡಿಸ್ಕ್ ಇವೆ)

ಪ್ರಶ್ನೆ

ನಮಸ್ಕಾರ. ಡಿಟಿಪಿ ಕೆಲಸದ ಡೆಸ್ಕ್‌ಟಾಪ್ ಇದು. 1 ಟಿಬಿ ಸಾಟಾ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ 10 ಮೊದಲಿಂದ ಇದೆ. ನುಡಿ, ಪೇಜ್‌ಮೇಕರ್, ಹಳೆಯ ಪುಸ್ತಕಗಳ ಫೈಲು ಎಲ್ಲ ಅದರಲ್ಲೇ ಇರುವುದರಿಂದ ವಿಂಡೋಸ್ ಬಿಡುವಂತಿಲ್ಲ. ಈಗ 256 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಡೆಬಿಯನ್ 12 (ಲಿನಕ್ಸ್) ಇನ್‌ಸ್ಟಾಲ್ ಮಾಡಿದ್ದೇನೆ. ಆನ್ ಮಾಡಿದಾಗ ಓಎಸ್ ಆರಿಸಲು ಬರುವ ಗ್ರಬ್ ಮೆನುವಿನಲ್ಲಿ ಡೆಬಿಯನ್ ಮಾತ್ರ ಇದೆ, ವಿಂಡೋಸ್ ಹೆಸರೇ ಇಲ್ಲ. ಆನ್ ಮಾಡುವಾಗ ಎಫ್11 ಒತ್ತಿ ಹಾರ್ಡ್ ಡಿಸ್ಕ್ ಆರಿಸಿದರೆ ವಿಂಡೋಸ್ ಸರಿಯಾಗಿ ಓಪನ್ ಆಗುತ್ತದೆ.

ಸುಡೊ ಅಪ್‌ಡೇಟ್-ಗ್ರಬ್ ಕೊಟ್ಟರೆ ಕೊನೆಯಲ್ಲಿ ಓಎಸ್-ಪ್ರೋಬರ್ ನಡೆಸುವುದಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಸುಡೊ ಎಫ್‌ಡಿಸ್ಕ್ -ಎಲ್ ತೋರಿಸಿದ್ದು ಇಷ್ಟು:

/ಡೆವ್/ಎಸ್‌ಡಿಎ — 931.5 ಜಿಬಿ, ಡಿಸ್ಕ್‌ಲೇಬಲ್: ಡಾಸ್
ಎಸ್‌ಡಿಎ1 * 549 ಎಂಬಿ, ಎನ್‌ಟಿಎಫ್‌ಎಸ್
ಎಸ್‌ಡಿಎ2 200 ಜಿಬಿ, ಎನ್‌ಟಿಎಫ್‌ಎಸ್
ಎಸ್‌ಡಿಎ3 731 ಜಿಬಿ, ಎಕ್ಸ್‌ಟೆಂಡೆಡ್
ಎಸ್‌ಡಿಎ5 365 ಜಿಬಿ, ಎನ್‌ಟಿಎಫ್‌ಎಸ್
ಎಸ್‌ಡಿಎ6 366 ಜಿಬಿ, ಎನ್‌ಟಿಎಫ್‌ಎಸ್

/ಡೆವ್/ಎನ್‌ವಿಎಂಇ0ಎನ್1 — 238.5 ಜಿಬಿ, ಡಿಸ್ಕ್‌ಲೇಬಲ್: ಜಿಪಿಟಿ
ಪಿ1 512 ಎಂಬಿ, ಇಎಫ್‌ಐ ಸಿಸ್ಟಮ್
ಪಿ2 230 ಜಿಬಿ, ಲಿನಕ್ಸ್
ಪಿ3 8 ಜಿಬಿ, ಸ್ವಾಪ್

ಮೆನುವಿನಲ್ಲಿ ಎರಡೂ ಬರಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಆ ಎಚ್ಚರಿಕೆಯಿಂದಲೇ ಶುರು ಮಾಡಿ. ಬೇರೆ ಓಎಸ್‌ಗಳನ್ನು ಹುಡುಕಿ ಮೆನುವಿಗೆ ಸೇರಿಸುವ ಪ್ರೋಗ್ರಾಂ ಓಎಸ್-ಪ್ರೋಬರ್. 2021ರಲ್ಲಿ ಬಂದ ಗ್ರಬ್ 2.06ರಿಂದ ಅದನ್ನು ಡಿಫಾಲ್ಟ್ ಆಗಿ ಆಫ್ ಮಾಡಿದ್ದಾರೆ. ಅದು ರೂಟ್ ಅಧಿಕಾರದಲ್ಲಿ ಸಿಕ್ಕ ಪಾರ್ಟಿಷನ್‌ಗಳನ್ನೆಲ್ಲ ಮೌಂಟ್ ಮಾಡಿ ನೋಡುತ್ತದೆ. ಇದು ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದಲ್ಲ, ವರ್ಚುವಲ್ ಮೆಷಿನ್‌ಗಳ ಡಿಸ್ಕ್ ಇರುವ ಕಡೆ ಡೇಟಾ ಕೆಡುವ ಅಪಾಯವೂ ಉಂಟು. ಡೆಬಿಯನ್ 12ರಲ್ಲಿ ಇರುವುದು ಇದೇ 2.06.

ಸುಡೊ ನ್ಯಾನೊ /ಇಟಿಸಿ/ಡಿಫಾಲ್ಟ್/ಗ್ರಬ್

ಇದರಲ್ಲಿ ಈ ಸಾಲಿನ ಮುಂದಿರುವ # ತೆಗೆಯಿರಿ. ಸಾಲೇ ಇಲ್ಲದಿದ್ದರೆ ಸೇರಿಸಿ:

ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್

‘ಡಿಸೇಬಲ್’ಗೆ ‘ಫಾಲ್ಸ್’ ಕೊಡಬೇಕು, ಟ್ರೂ ಅಲ್ಲ. ಇಲ್ಲಿ ತಿರುವುಮುರುವು ಮಾಡಿಕೊಳ್ಳುವವರು ಬಹಳ. ಆಮೇಲೆ ಸುಡೊ ಆಪ್ಟ್ ಇನ್‌ಸ್ಟಾಲ್ ಓಎಸ್-ಪ್ರೋಬರ್ ಕೊಟ್ಟು ಪ್ಯಾಕೇಜ್ ಇದೆಯೆಂದು ಖಚಿತ ಮಾಡಿಕೊಳ್ಳಿ. ಮೊದಲು ಸುಡೊ ಓಎಸ್-ಪ್ರೋಬರ್ ಅನ್ನೇ ನೇರವಾಗಿ ಓಡಿಸಿ. ಅದು ವಿಂಡೋಸ್ ಹೆಸರಿನ ಸಾಲು ಕೊಟ್ಟರೆ ಮಾತ್ರ ಅಪ್‌ಡೇಟ್-ಗ್ರಬ್‌ನಿಂದ ಪ್ರಯೋಜನ. ಏನೂ ಬರದೆ ಪ್ರಾಂಪ್ಟ್‌ಗೆ ವಾಪಸ್ ಬಂದರೆ ಕಾರಣ ಬೇರೆ ಇದೆ.

ಪ್ರಶ್ನೆ ಕೇಳಿದವರು

ಮಾಡಿದೆ ಸರ್. ಎಚ್ಚರಿಕೆ ಹೋಯಿತು. ಆದರೆ ಸುಡೊ ಓಎಸ್-ಪ್ರೋಬರ್ ಏನನ್ನೂ ತೋರಿಸುವುದಿಲ್ಲ, ಮೆನುವಿನಲ್ಲೂ ಬದಲಾವಣೆ ಇಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದ್ದರು, ಅದನ್ನೂ ಮಾಡಿ ನೋಡಿದೆ.

ಉತ್ತರ 2

ಉತ್ತರ ನಿಮ್ಮ ಎಫ್‌ಡಿಸ್ಕ್ ಪಟ್ಟಿಯಲ್ಲೇ ಇದೆ. ಹಾರ್ಡ್ ಡಿಸ್ಕ್‌ನ ಲೇಬಲ್ ‘ಡಾಸ್’, ಅಂದರೆ ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಟೇಬಲ್, ಹೊಸ ಬಗೆ ಜಿಪಿಟಿ). ಅದರಲ್ಲಿ ಇಎಫ್‌ಐ ಪಾರ್ಟಿಷನ್ ಇಲ್ಲ. ಎಸ್‌ಡಿಎ1ರ ಮುಂದಿನ ನಕ್ಷತ್ರ ಹಳೆಯ ಕಾಲದ ಆಕ್ಟಿವ್ ಪಾರ್ಟಿಷನ್‌ನ ಗುರುತು. ಅಲ್ಲಿಗೆ ವಿಂಡೋಸ್ ಹಳೆಯ ಲೆಗಸಿ ಬಯಾಸ್ ರೀತಿಯಲ್ಲಿ ಬೂಟ್ ಆಗುತ್ತಿದೆ, ಡೆಬಿಯನ್ ಹೊಸ ಯುಇಎಫ್‌ಐ ರೀತಿಯಲ್ಲಿ ಕೂತಿದೆ. ಯುಇಎಫ್‌ಐನಲ್ಲಿ ಓಡುವಾಗ ಓಎಸ್-ಪ್ರೋಬರ್ ಲೆಗಸಿ ಬೂಟ್‌ಲೋಡರ್‌ಗಳನ್ನು ಬೇಕೆಂದೇ ಬಿಟ್ಟುಬಿಡುತ್ತದೆ.

ನಂಬಿಕೆ ಬರಲು ಮೂರು ಕಡೆ ನೋಡಿಕೊಳ್ಳಿ. ಡೆಬಿಯನ್‌ನಲ್ಲಿ /ಸಿಸ್/ಫರ್ಮ್‌ವೇರ್/ಇಎಫ್‌ಐ ಫೋಲ್ಡರ್ ಇದ್ದರೆ ಅದು ಯುಇಎಫ್‌ಐ. ವಿಂಡೋಸ್‌ನಲ್ಲಿ ವಿಂಡೋಸ್ ಕೀ + ಆರ್ ಒತ್ತಿ ಎಂಎಸ್‌ಇನ್ಫೊ32 ಕೊಡಿ, ‘ಬಯಾಸ್ ಮೋಡ್’ ಎದುರು ‘ಲೆಗಸಿ’ ಎಂದಿರುತ್ತದೆ. ಇನ್ನು ಓಎಸ್-ಪ್ರೋಬರ್ ಓಡಿಸಿದ ಕೂಡಲೇ

ಸುಡೊ ಜರ್ನಲ್‌ಸಿಟಿಎಲ್ -ಬಿ | ಗ್ರೆಪ್ -ಐ "ಲೆಗಸಿ ಬೂಟ್‌ಲೋಡರ್ಸ್"

ಎಂದು ಕೊಟ್ಟರೆ ‘ಸ್ಕಿಪ್ಪಿಂಗ್ ಲೆಗಸಿ ಬೂಟ್‌ಲೋಡರ್ಸ್ ಆನ್ ಯುಇಎಫ್‌ಐ ಸಿಸ್ಟಮ್’ ಎಂಬ ಸಾಲು ಸಿಗಬೇಕು.

ಫಾಸ್ಟ್ ಸ್ಟಾರ್ಟಪ್ ಆಫ್ ಇರುವುದು ಒಳ್ಳೆಯದೇ. ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ, ಆಗ ಲಿನಕ್ಸ್‌ನಿಂದ ಎನ್‌ಟಿಎಫ್‌ಎಸ್‌ಗೆ ಬರೆದರೆ ಫೈಲು ಕೆಡುತ್ತವೆ. ಆದರೆ ಮೆನುವಿನಲ್ಲಿ ಹೆಸರು ಬಾರದಿರುವುದಕ್ಕೆ ಇಲ್ಲಿ ಅದು ಕಾರಣವಲ್ಲ.

ಗ್ರಬ್‌ನ 40_ಕಸ್ಟಮ್ ಫೈಲಿನಲ್ಲಿ ‘ಚೈನ್‌ಲೋಡರ್ +1’ ಎಂದು ಕೈಯಾರೆ ಬರೆಯುವ ಸಲಹೆ ಅಲ್ಲಲ್ಲಿ ಕಾಣುತ್ತದೆ. ದಯವಿಟ್ಟು ಅದಕ್ಕೆ ಸಮಯ ಹಾಳುಮಾಡಬೇಡಿ. ಮೆನುವಿನಲ್ಲಿ ಹೆಸರೇನೋ ಬರುತ್ತದೆ, ಒತ್ತಿದರೆ ‘ಇನ್‌ವ್ಯಾಲಿಡ್ ಇಎಫ್‌ಐ ಫೈಲ್ ಪಾತ್’ ಎಂದು ನಿಲ್ಲುತ್ತದೆ. ಲೆಗಸಿ ವಿಂಡೋಸ್ ಎಬ್ಬಿಸಲು ಬೇಕಾದ ಎನ್‌ಟಿಎಲ್‌ಡಿಆರ್, ಡ್ರೈವ್‌ಮ್ಯಾಪ್ ಮಾಡ್ಯೂಲ್‌ಗಳು ಗ್ರಬ್‌ನ ಬಯಾಸ್ ಆವೃತ್ತಿಯಲ್ಲಿ ಮಾತ್ರ ಇವೆ. ಒಮ್ಮೆ ಯುಇಎಫ್‌ಐ ದಾರಿ ಹಿಡಿದ ಮೇಲೆ ಗ್ರಬ್ ಲೆಗಸಿ ದಾರಿಗೆ ಹೊರಳಲಾರದು.

ಕೆಲಸದ ಒತ್ತಡ ಇದ್ದರೆ ಸದ್ಯಕ್ಕೆ ಎಫ್11 ಸಾಕು, ಬಯಾಸ್‌ನಲ್ಲಿ ಸಿಎಸ್‌ಎಂ (ಲೆಗಸಿ ಬೂಟ್‌ಗೆ ಅವಕಾಶ ಕೊಡುವ ಆಯ್ಕೆ) ಆನ್ ಇರಲಿ. ಮೆನುವಿನಲ್ಲೇ ಬೇಕೆಂದರೆ ಹಾರ್ಡ್ ಡಿಸ್ಕನ್ನು ಜಿಪಿಟಿಗೆ ಬದಲಿಸಿ ವಿಂಡೋಸನ್ನು ಯುಇಎಫ್‌ಐಗೆ ತರಬೇಕು. ಡೆಬಿಯನ್ನನ್ನು ಲೆಗಸಿಗೆ ಇಳಿಸಲು ಹೋಗಬೇಡಿ. ಎನ್‌ವಿಎಂಇ ಡಿಸ್ಕನ್ನು ಲೆಗಸಿಯಲ್ಲಿ ಬೂಟ್ ಮಾಡಲು ಎಷ್ಟೋ ಮದರ್‌ಬೋರ್ಡ್‌ಗಳಿಗೆ ಬರುವುದೇ ಇಲ್ಲ.

ಉತ್ತರ 3

ಮೇಲಿನವರು ಹೇಳಿದ್ದು ಸರಿ. ಬದಲಿಸುವ ಕ್ರಮ ಬರೆಯುತ್ತೇನೆ, ನಿಮ್ಮ ಡಿಸ್ಕ್‌ನಲ್ಲಿ ಒಂದು ತೊಡಕೂ ಇದೆ.

ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಟೂಲ್ ಜೊತೆಗೇ ಬರುತ್ತದೆ. ಫೈಲು ಅಳಿಸದೆ ಬದಲಿಸುತ್ತದೆ. ಆದರೆ ಡಿಸ್ಕ್‌ನಲ್ಲಿ ಹೆಚ್ಚೆಂದರೆ 3 ಪ್ರೈಮರಿ ಪಾರ್ಟಿಷನ್ ಇರಬೇಕು, ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಇರಲೇಬಾರದು. ನಿಮ್ಮಲ್ಲಿ ಎಸ್‌ಡಿಎ3 ಎಕ್ಸ್‌ಟೆಂಡೆಡ್, ಅದರೊಳಗೆ 5 ಮತ್ತು 6. ಹೀಗೇ ಓಡಿಸಿದರೆ ವ್ಯಾಲಿಡೇಟ್ ಹಂತದಲ್ಲೇ ನಿಲ್ಲುತ್ತದೆ.

ಆದ್ದರಿಂದ ಮೊದಲ ಕೆಲಸ ಎಸ್‌ಡಿಎ5, ಎಸ್‌ಡಿಎ6ರ ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡುವುದು. ಪುಸ್ತಕದ ಫೈಲುಗಳು ಸಿ ಡ್ರೈವಿನ ಡೆಸ್ಕ್‌ಟಾಪ್‌ನಲ್ಲೂ ಇರಬಹುದು, ಅವನ್ನೂ ತೆಗೆದಿಡಿ. ನಕಲಾದ ಮೇಲೆ ನಾಲ್ಕಾರು ಫೈಲು ತೆರೆದು ನೋಡಿಯೇ ಮುಂದುವರಿಯಿರಿ. ಡಿಸ್ಕ್ ಹಳೆಯದು, ಹಾಗಾಗಿ ಅದರ ಆರೋಗ್ಯ ನೋಡಲು ಡೆಬಿಯನ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ ಕೊಡಿ. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸೊನ್ನೆಗಿಂತ ಹೆಚ್ಚಿದ್ದರೆ ಈ ಡಿಸ್ಕ್ ಮೇಲೆ ಯಾವ ಬದಲಾವಣೆಯೂ ಬೇಡ, ಬೇರೆ ಡಿಸ್ಕ್ ತನ್ನಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಹಾಕಿದ್ದರೆ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಂತರ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎರಡೂ ಲಾಜಿಕಲ್ ಡ್ರೈವ್ ಡಿಲೀಟ್ ಮಾಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಉಳಿಯುವ ಹಸಿರು ಚೌಕಟ್ಟಿನ ‘ಫ್ರೀ ಸ್ಪೇಸ್’ ಎಕ್ಸ್‌ಟೆಂಡೆಡ್‌ನದೇ, ಅದನ್ನೂ ಡಿಲೀಟ್ ಮಾಡಿದಾಗ ‘ಅನ್‌ಅಲೊಕೇಟೆಡ್’ ಎಂದು ಕಪ್ಪಾಗಬೇಕು. ಬಳಿಕ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಚೆಕ್‌ಡಿಸ್ಕ್ ಸಿ: /ಎಫ್ ಕೊಟ್ಟು ರೀಸ್ಟಾರ್ಟ್ ಮಾಡಿ.

ಈಗ ವಿಂಡೋಸ್ 10 ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಎಫ್11 ಪಟ್ಟಿಯಲ್ಲಿ ‘ಯುಇಎಫ್‌ಐ’ ಎಂದು ಶುರುವಾಗುವ ಸಾಲನ್ನೇ ಆರಿಸಿ. ಭಾಷೆ ಕೇಳುವ ಪರದೆಯಲ್ಲಿ ಶಿಫ್ಟ್ + ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ಡಿಸ್ಕ್ ಕೊಡಿ. ಜಿಪಿಟಿ ಕಾಲಂನಲ್ಲಿ ನಕ್ಷತ್ರ ಇಲ್ಲದ 931 ಜಿಬಿ ಡಿಸ್ಕ್‌ನ ಸಂಖ್ಯೆ ನೋಡಿಕೊಂಡು ಎಕ್ಸಿಟ್ ಮಾಡಿ. ಅದು 0 ಆಗಿದ್ದರೆ:

ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0
ಎಂಬಿಆರ್2ಜಿಪಿಟಿ /ಕನ್ವರ್ಟ್ /ಡಿಸ್ಕ್:0

ಮೊದಲನೆಯದು ಸಕ್ಸಸ್ ಎಂದರೆ ಮಾತ್ರ ಎರಡನೆಯದು.

ಓಡುತ್ತಿರುವ ವಿಂಡೋಸ್‌ನಲ್ಲೇ /ಅಲೌಫುಲ್‌ಓಎಸ್ ಸೇರಿಸಿಯೂ ಇದನ್ನು ಮಾಡಬಹುದು. ಆದರೂ ಪೆನ್‌ಡ್ರೈವ್ ಮೇಲು. ಓಡುವ ವಿಂಡೋಸ್‌ನಲ್ಲಿ 549 ಎಂಬಿ ಸಿಸ್ಟಮ್ ಪಾರ್ಟಿಷನ್ ಬಳಕೆಯಲ್ಲಿರುವುದರಿಂದ ಟೂಲ್ ಅದನ್ನು ಮುಟ್ಟದೆ ಸಿ ಡ್ರೈವನ್ನು ಕಿರಿದು ಮಾಡಿ 100 ಎಂಬಿಯ ಹೊಸ ಇಎಫ್‌ಐ ಪಾರ್ಟಿಷನ್ ಮಾಡುತ್ತದೆ. ಪೆನ್‌ಡ್ರೈವ್‌ನಿಂದ ಮಾಡಿದರೆ ಆ 549 ಎಂಬಿಯನ್ನೇ ಇಎಫ್‌ಐ ಪಾರ್ಟಿಷನ್ ಆಗಿ ಬಳಸಿಕೊಳ್ಳುತ್ತದೆ, ಸಿ ಡ್ರೈವ್ ಹಾಗೇ ಉಳಿಯುತ್ತದೆ.

ಮುಗಿದ ಮೇಲೆ ಎಫ್11 ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ಬರಬೇಕು. ಅದರಿಂದ ವಿಂಡೋಸ್‌ಗೆ ಹೋಗಿ ಖಾಲಿ ಜಾಗದಲ್ಲಿ ಹೊಸ ಪಾರ್ಟಿಷನ್ ಮಾಡಿ, ಹಳೆಯ ಡ್ರೈವ್ ಅಕ್ಷರಗಳನ್ನೇ ಕೊಡಿ. ಪೇಜ್‌ಮೇಕರ್ ಫೈಲಿಗೆ ಲಿಂಕ್ ಮಾಡಿದ ಚಿತ್ರಗಳನ್ನು ಡ್ರೈವ್ ಅಕ್ಷರ ಸೇರಿದ ಪೂರ್ತಿ ವಿಳಾಸದಿಂದಲೇ ಹುಡುಕುವುದು, ‘ಇ’ ಇದ್ದದ್ದು ‘ಎಫ್’ ಆದರೆ ಲಿಂಕ್‌ಗಳೆಲ್ಲ ತಪ್ಪುತ್ತವೆ.

ಸಿಎಸ್‌ಎಂ ಆಫ್ ಮಾಡುವ ಆತುರ ಬೇಡ. ಹಳೆಯ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಯುಇಎಫ್‌ಐಗೆ ಬೇಕಾದ ಫರ್ಮ್‌ವೇರ್ ಇಲ್ಲದಿದ್ದರೆ ಪರದೆ ಕಪ್ಪಾಗಿ ಬಯಾಸ್‌ಗೂ ಹೋಗಲಾಗದೆ ಸೀಮಾಸ್ ಜಂಪರ್ ಹುಡುಕಬೇಕಾಗುತ್ತದೆ. ಎರಡೂ ಓಎಸ್ ಯುಇಎಫ್‌ಐನಲ್ಲಿ ಓಡಿದರೆ ಸಾಕು.

ಉತ್ತರ 4

731 ಜಿಬಿ ಖಾಲಿ ಮಾಡಲು ಹೊರಗಿನ ಡಿಸ್ಕ್ ಇಲ್ಲದವರಿಗೆ ಲಿನಕ್ಸ್‌ನ ಜಿಡಿಸ್ಕ್ ಎಂಬ ಪಾರ್ಟಿಷನ್ ಟೂಲ್ ಇನ್ನೊಂದು ದಾರಿ. ಅದು ಲಾಜಿಕಲ್ ಪಾರ್ಟಿಷನ್‌ಗಳನ್ನೂ ಇದ್ದ ಜಾಗದಲ್ಲೇ ಜಿಪಿಟಿಗೆ ತರುತ್ತದೆ. ಆದರೆ ವಿಂಡೋಸ್‌ನ ಬೂಟ್ ಫೈಲುಗಳನ್ನು ನೀವೇ ಕಟ್ಟಬೇಕು: ಎಸ್‌ಡಿಎ1 ತೆಗೆದು ಅದೇ ಜಾಗದಲ್ಲಿ ಇಎಫ್00 ಟೈಪ್‌ನ ಪಾರ್ಟಿಷನ್ ಮಾಡಿ, ಎಂಕೆಎಫ್‌ಎಸ್.ವಿಫ್ಯಾಟ್ -ಎಫ್ 32 ಕೊಟ್ಟು ಫಾರ್ಮ್ಯಾಟ್ ಮಾಡಿ, ವಿಂಡೋಸ್ ಪೆನ್‌ಡ್ರೈವ್‌ನ ಡಿಸ್ಕ್‌ಪಾರ್ಟ್‌ನಲ್ಲಿ ಅದಕ್ಕೆ ಎಸ್ ಅಕ್ಷರ ಕೊಟ್ಟು,

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ

ಪೆನ್‌ಡ್ರೈವ್‌ನಿಂದ ಬಂದಾಗ ವಿಂಡೋಸ್ ಇರುವ ಡ್ರೈವ್ ಸಿ ಆಗಿರಲೇಬೇಕೆಂದಿಲ್ಲ, ಲಿಸ್ಟ್ ವಾಲ್ಯೂಮ್ ಕೊಟ್ಟು ನೋಡಿ. ಶುರು ಮಾಡುವ ಮೊದಲು ಸುಡೊ ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ ಕೊಡುವ ಪಟ್ಟಿಯನ್ನು ಎಸ್‌ಎಸ್‌ಡಿಯಲ್ಲಿ ಉಳಿಸಿ. ಪಾರ್ಟಿಷನ್ ಟೇಬಲ್ ಕೆಟ್ಟರೆ ಇದೊಂದೇ ಆಧಾರ. ಯಾವ ದಾರಿ ಹಿಡಿದರೂ ಯುಪಿಎಸ್ ಇಲ್ಲದೆ ಕೂರಬೇಡಿ, ಟೇಬಲ್ ಬರೆಯುವಾಗ ಕರೆಂಟ್ ಹೋದರೆ ಕಷ್ಟ. ಬ್ಯಾಕಪ್‌ಗೆ ಜಾಗ ಇರುವವರು ಉತ್ತರ 3ರ ದಾರಿಯಲ್ಲೇ ಹೋಗಿ.

ಪ್ರಶ್ನೆ ಕೇಳಿದವರು

ಹೊರಗಿನ ಡಿಸ್ಕ್ ತಂದು ಉತ್ತರ 3ರಂತೆ ಮಾಡಿದೆ, ಕನ್ವರ್ಟ್ ಆಯಿತು. ಈಗ ಸುಡೊ ಓಎಸ್-ಪ್ರೋಬರ್ ಹೀಗೆ ಹೇಳುತ್ತದೆ:

/ಡೆವ್/ಎಸ್‌ಡಿಎ1@/ಇಎಫ್‌ಐ/ಮೈಕ್ರೋಸಾಫ್ಟ್/ಬೂಟ್/ಬೂಟ್‌ಎಂಜಿಎಫ್‌ಡಬ್ಲ್ಯೂ.ಇಎಫ್‌ಐ:ವಿಂಡೋಸ್ ಬೂಟ್ ಮ್ಯಾನೇಜರ್:ವಿಂಡೋಸ್:ಇಎಫ್‌ಐ

ಅಪ್‌ಡೇಟ್-ಗ್ರಬ್ ಆದ ಮೇಲೆ ಮೆನುವಿನಲ್ಲೂ ಬಂತು. ಎಲ್ಲರಿಗೂ ಧನ್ಯವಾದ. ಉಳಿದದ್ದು ಎರಡು: ಆನ್ ಮಾಡಿದರೆ ಗ್ರಬ್ ಬರದೆ ನೇರ ವಿಂಡೋಸ್‌ಗೆ ಹೋಗುತ್ತದೆ, ಎಫ್11ರಿಂದ ಡೆಬಿಯನ್ ಆರಿಸಬೇಕು. ಡೆಬಿಯನ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ.

ಉತ್ತರ 2

ಹೊಸ ವಿಂಡೋಸ್ ಬೂಟ್ ಮ್ಯಾನೇಜರ್ ಬೂಟ್ ಕ್ರಮದಲ್ಲಿ ಮೊದಲ ಸ್ಥಾನಕ್ಕೆ ಬಂದಿದೆ. ಡೆಬಿಯನ್‌ನಲ್ಲಿ ಸುಡೊ ಇಎಫ್‌ಐಬೂಟ್‌ಎಂಜಿಆರ್ ಕೊಟ್ಟು ಸಂಖ್ಯೆಗಳನ್ನು ನೋಡಿ. ಡೆಬಿಯನ್ 0001, ವಿಂಡೋಸ್ 0000 ಆಗಿದ್ದರೆ

ಸುಡೊ ಇಎಫ್‌ಐಬೂಟ್‌ಎಂಜಿಆರ್ -ಒ 0001,0000

ಪಟ್ಟಿಯಲ್ಲಿ ಬೇರೆ ಸಂಖ್ಯೆಗಳಿದ್ದರೆ ಅವನ್ನೂ ಕೊನೆಗೆ ಸೇರಿಸಿ. ಬಿಟ್ಟ ಸಂಖ್ಯೆ ಬೂಟ್ ಕ್ರಮದಿಂದಲೇ ಹೊರಗೆ ಹೋಗುತ್ತದೆ.

ಗಡಿಯಾರದ ವಿಷಯ: ಮದರ್‌ಬೋರ್ಡ್ ಗಡಿಯಾರದಲ್ಲಿ ಡೆಬಿಯನ್ ಯುಟಿಸಿ ಸಮಯ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ವಿಂಡೋಸ್‌ನ ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಇದನ್ನು ಒಂದೇ ಸಾಲಾಗಿ ಕೊಡಿ:

ರೆಗ್ ಆಡ್ "ಎಚ್‌ಕೆಎಲ್‌ಎಂ\ಸಿಸ್ಟಮ್\ಕರೆಂಟ್‌ಕಂಟ್ರೋಲ್‌ಸೆಟ್\ಕಂಟ್ರೋಲ್\ಟೈಮ್‌ಝೋನ್‌ಇನ್ಫರ್ಮೇಷನ್" /ವಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ /ಟಿ ರೆಗ್_ಡಿವರ್ಡ್ /ಡಿ 1 /ಎಫ್

ರೀಸ್ಟಾರ್ಟ್ ಮಾಡಿ ಸಮಯವನ್ನು ಒಮ್ಮೆ ಸಿಂಕ್ ಮಾಡಿ. ಡೆಬಿಯನ್ ಕಡೆ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಕೊಟ್ಟರೂ ಗಡಿಯಾರ ಹೊಂದುತ್ತದೆ, ಆದರೆ ಲಿನಕ್ಸ್‌ಗೆ ಯುಟಿಸಿಯೇ ಸರಿ. ಎರಡೂ ಕಡೆ ಒಟ್ಟಿಗೆ ಬದಲಿಸಬೇಡಿ, ಆಗ ತಪ್ಪು ಇನ್ನೊಂದು ದಿಕ್ಕಿಗೆ ತಿರುಗುತ್ತದೆ.